ಜನರನ್ನು ಹೊರಗಿಟ್ಟರೆ ವನ್ಯಜೀವಿಗಳು ಉಳಿಯುತ್ತವೆಯೇ?

ಸಾರ್ವಜನಿಕ ಕಾಡು, ಹುಲ್ಲುಗಾವಲುಗಳಿಗೆ ಜನ ಹೋಗುವುದನ್ನೇ ನಿಲ್ಲಿಸಿದರೆ ವನ್ಯಜೀವಿಗಳಿಗೆ ಒಳ್ಳೆಯದಲ್ಲವೇ ಎಂದು ಕೇಳಿದ್ದೀರಿ. ಕೆಲವು ಜಾಗಗಳಲ್ಲಿ, ಕೆಲವು ತಿಂಗಳು ನಿಲ್ಲಿಸಲೇಬೇಕು. ಎಲ್ಲ ಕಡೆ, ವರ್ಷವಿಡೀ ಎಂದರೆ ನಾನು ಒಪ್ಪುವುದಿಲ್ಲ. ಯಾರೂ ಕಂಡಿರದ ಹುಲ್ಲುಗಾವಲಿಗೆ ನಾಳೆ ಗಣಿಯೋ ಹೆದ್ದಾರಿಯೋ ಬಂದರೆ ಅದರ ಪರವಾಗಿ ನಿಲ್ಲುವವರು ಯಾರು?

ಇಂಥ ಜಾಗದ ಕಾಲುದಾರಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಷ್ಟು ಜನ ಬಂದರು ಎನ್ನುವುದಕ್ಕಿಂತ ಎಲ್ಲಿ ನಡೆದರು ಎನ್ನುವುದನ್ನೇ ನಾನು ಹೆಚ್ಚು ಗಮನಿಸುತ್ತೇನೆ. ಯಾರೂ ತುಳಿಯದ ನೆಲಕ್ಕೆ ಹೆಚ್ಚಿನ ಪೆಟ್ಟು ಬೀಳುವುದು ಮೊದಮೊದಲ ಓಡಾಟದಿಂದಲೇ. ಆಗಲೇ ಸವೆದ ದಾರಿಯಲ್ಲಿ ಇನ್ನೂ ನೂರು ಜನ ನಡೆದರೂ ಹೊಸದಾಗಿ ಕೆಡುವುದು ಅಲ್ಪ. ಆದ್ದರಿಂದ ಸೂಕ್ಷ್ಮ ಜಾಗಗಳಿಂದ ದೂರವಾಗಿ ಒಂದು ಒಳ್ಳೆಯ ದಾರಿ ಮಾಡಿಕೊಟ್ಟು, ಉಳಿದ ನೆಲವನ್ನು ಅದರ ಪಾಡಿಗೆ ಬಿಡಬೇಕು.

ದಾರಿಯಲ್ಲಿ ನೀರು ನಿಂತು ಕೆಸರಾಯಿತೆನ್ನಿ. ನಡೆಯುವವರು ಅಂಚಿನ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಆ ಅಂಚೂ ಕೆಸರಾಗುತ್ತದೆ, ಹಿಂದೆ ಬಂದವರು ಇನ್ನಷ್ಟು ಪಕ್ಕಕ್ಕೆ ಸರಿಯುತ್ತಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಾಲುದಾರಿ ಬಂಡಿ ಹೋಗುವಷ್ಟು ಅಗಲವಾಗಿರುತ್ತದೆ. ಅಲ್ಲಿ 'ದಾರಿ ಬಿಟ್ಟು ನಡೆಯಬೇಡಿ' ಎಂಬ ಫಲಕ ನೆಟ್ಟರೆ ಏನೂ ಆಗದು. ಅಡ್ಡಲಾಗಿ ಸಣ್ಣ ಕಾಲುವೆ ತೋಡಿ ನೀರನ್ನು ಇಳಿಜಾರಿನ ಕಡೆಗೆ ಬಿಟ್ಟು, ಚಪ್ಪಟೆ ಕಲ್ಲು ಹಾಸಿದರೆ ಜನ ತಾವಾಗಿಯೇ ದಾರಿಗೆ ಬರುತ್ತಾರೆ. ಅಂಚಿನಲ್ಲಿ ಹುಲ್ಲು ಮತ್ತೆ ಚಿಗುರುತ್ತದೆ.

ನಾಯಿಗಳ ವಿಷಯದಲ್ಲಿ ಮಾತ್ರ ಸಡಿಲ ಬಿಡಲಾರೆ. ಟಿಟ್ಟಿಭ ಮೊಟ್ಟೆ ಇಡುವುದು ಬರಿನೆಲದ ಮೇಲೆ. ಮಚ್ಚೆ ಮಚ್ಚೆಯ ಆ ಮೊಟ್ಟೆಗಳು ಸುತ್ತಲಿನ ಕಲ್ಲುಗಳಲ್ಲಿ ಬೆರೆತುಹೋಗಿರುತ್ತವೆ. ನಾಯಿ ಬಾಯಿ ಹಾಕಬೇಕಾಗಿಯೇ ಇಲ್ಲ, ಆಚೀಚೆ ಓಡಾಡಿದರೆ ಸಾಕು. ಹಕ್ಕಿ ಎದ್ದು ಹಾರುತ್ತದೆ, ಮೊಟ್ಟೆಗಳು ಕಾವಿಲ್ಲದೆ ಬಯಲಲ್ಲಿ ಉಳಿಯುತ್ತವೆ, ಕಾಗೆಯ ಕಣ್ಣಿಗೆ ಬೀಳುತ್ತವೆ. ಇಂಗ್ಲೆಂಡಿನಲ್ಲಿ 2000ನೇ ಇಸವಿಯ ಕಾಯಿದೆಯಂತೆ ಸಾರ್ವಜನಿಕರು ಮುಕ್ತವಾಗಿ ನಡೆದಾಡಬಹುದಾದ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಗಿಡ್ಡ ಹಗ್ಗದಲ್ಲಿ ಹಿಡಿದುಕೊಂಡೇ ನಡೆಯಬೇಕು. ಇದು ನ್ಯಾಯವಾದ ನಿಯಮ, ಯಾರನ್ನೂ ಹೊರಗಿಡುವುದಿಲ್ಲ.

ಇಷ್ಟಾದರೂ ಜನರ ಓಡಾಟ, ವನ್ಯಜೀವಿಗಳ ರಕ್ಷಣೆ ಎರಡನ್ನೂ ಹೊಂದಿಸಲಾಗದ ಸಂದರ್ಭಗಳು ಬರುತ್ತವೆ. ಬ್ರಿಟನ್ನಿನ ರಾಷ್ಟ್ರೀಯ ಉದ್ಯಾನಗಳ ಬಗ್ಗೆ 1974ರಲ್ಲಿ ಸ್ಯಾಂಡ್‌ಫರ್ಡ್ ಸಮಿತಿ ಹೇಳಿದ್ದೂ ಇದನ್ನೇ: ಮೊದಲು ಹೊಂದಿಸಲು ನೋಡಿ, ಆಗದಿದ್ದರೆ ಸಂರಕ್ಷಣೆಗೇ ಆದ್ಯತೆ ಕೊಡಿ. ನಾನೂ ಅದನ್ನೇ ಪಾಲಿಸುತ್ತೇನೆ. ಗೂಡು ಕಟ್ಟುವ ಕಾಲದಲ್ಲಿ ದಾರಿಯನ್ನು ಬೇರೆ ಕಡೆಯಿಂದ ಸುತ್ತಿಸಿ, ಏಕೆ, ಎಂದಿನವರೆಗೆ ಎಂಬುದನ್ನು ತಿರುವಿನಲ್ಲೇ ಬರೆದು ಹಾಕುತ್ತೇನೆ. ಕಾರಣ ತಿಳಿದರೆ ಹೆಚ್ಚಿನವರು ಗೊಣಗದೆ ಸುತ್ತಿಕೊಂಡು ಹೋಗುತ್ತಾರೆ.