ಆನ್ ಮಾಡಿದ ಕೂಡಲೇ ಪರದೆ ತುಂಬ ಚುಕ್ಕೆ: ಗ್ರಾಫಿಕ್ಸ್ ಕಾರ್ಡನ್ನು ವಾರಂಟಿಯಲ್ಲಿ ಬದಲಾಯಿಸಿಕೊಡುತ್ತಾರಾ?

ನೀವು ಕೇಳಿರುವುದು ಇಷ್ಟು: ಎರಡು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಗೊಂಡ ಕಾರ್ಡು, ಮೂರು ವರ್ಷದ ವಾರಂಟಿ. ಈಗ ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ. ಬಿಲ್ ಇದೆ, ಬಾಕ್ಸ್ ಎಸೆದಾಗಿದೆ. ಊರು ಉಡುಪಿ. ಅಂಗಡಿಯವರು ‘ಸರ್ವಿಸ್ ಸೆಂಟರಿಗೆ ನೀವೇ ಕಳಿಸಿ’ ಅನ್ನುತ್ತಿದ್ದಾರೆ.

ಬದಲಾಯಿಸಿಕೊಡಬೇಕು. ಸಾಮಾನ್ಯವಾಗಿ ಬಾಕ್ಸ್ ಕೇಳುವುದಿಲ್ಲ, ಕಾರ್ಡಿನ ಮೇಲಿನ ಸೀರಿಯಲ್ ನಂಬರ್ ಸ್ಟಿಕ್ಕರ್ ಮತ್ತು ಬಿಲ್ ಸಾಕು. ಇಂಥ ಕಾರ್ಡುಗಳು ‘ಕೆಟ್ಟಿಲ್ಲ’ ಅಂತ ವಾಪಸ್ ಬರುವುದಕ್ಕಿಂತ ‘ಫಿಸಿಕಲ್ ಡ್ಯಾಮೇಜ್ ಇದೆ’ ಅಂತ ವಾಪಸ್ ಬರುವುದು ಜಾಸ್ತಿ. ಹಾಗಾಗಿ ನಿಮ್ಮ ಕೆಲಸದ ಮುಕ್ಕಾಲು ಪಾಲು ಕಾರ್ಡ್ ಕೈ ಬಿಡುವ ಮೊದಲೇ ಮುಗಿಯಬೇಕು.

ಮೊದಲು ತಪ್ಪು ಕಾರ್ಡಿನದ್ದೇ ಅಂತ ಗಟ್ಟಿ ಮಾಡಿಕೊಳ್ಳಿ. ಆನ್ ಮಾಡಿ ಡಿಲೀಟ್ ಅಥವಾ ಎಫ್2 ಕೀ ಒತ್ತಿ ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್ ಪರದೆ) ಹೋಗಿ. ಅಲ್ಲಿ ವಿಂಡೋಸ್ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇನ್ನೂ ಲೋಡ್ ಆಗಿರುವುದಿಲ್ಲ. ಅಲ್ಲೂ ಚುಕ್ಕೆ ಇದ್ದರೆ ಡ್ರೈವರ್ ತೆಗೆದು ಹಾಕುವ ಸರ್ಕಸ್ ಬೇಡ. ಕೇಬಲ್ ಮತ್ತು ಮಾನಿಟರ್ ಬದಲಿಸಿ ನೋಡಿ, ಆಗಲೂ ಬಂದರೆ ಬಹುಮಟ್ಟಿಗೆ ಕಾರ್ಡಿನ ಮೆಮೊರಿ ಚಿಪ್ಪೋ ಅದರ ಬೆಸುಗೆಯೋ ಹೋಗಿದೆ. ಬಯೋಸ್ ಪರದೆಯಲ್ಲಿ ಚುಕ್ಕೆ ಇಲ್ಲದೆ ಗೇಮ್ ಆಡುವಾಗ ಮಾತ್ರ ಕೆಡುತ್ತಿದ್ದರೆ ಡ್ರೈವರ್, ಬಿಸಿ, ಪವರ್ ಸಪ್ಲೈ ಮೂರನ್ನೂ ನೋಡಬೇಕು. ಚುಕ್ಕೆಯೇ ಬರದೆ ಇಡೀ ಪಿ.ಸಿ. ದಪ್ ಅಂತ ಆಫ್ ಆಗಿ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲ ಅನುಮಾನ ಪವರ್ ಸಪ್ಲೈ ಮೇಲೆ. ಕಾರ್ಡಿಗೆ ಮದರ್‌ಬೋರ್ಡಿನ ಸ್ಲಾಟಿನಿಂದ 75 ವ್ಯಾಟ್, ಒಂದೊಂದು 8 ಪಿನ್ ಪವರ್ ಸಾಕೆಟ್ಟಿನಿಂದ 150 ವ್ಯಾಟ್‌ವರೆಗೆ ಕರೆಂಟ್ ಸಿಗುವ ಲೆಕ್ಕ. ಎರಡು ಸಾಕೆಟ್ ಇರುವ ಕಾರ್ಡಿಗೆ ಒಂದೇ ಕೇಬಲ್ಲಿನ ಕವಲೊಡೆದ ಎರಡು ತುದಿ ಸಿಕ್ಕಿಸಿದ್ದರೆ, ಎರಡು ಬೇರೆ ಬೇರೆ ಕೇಬಲ್ ಹಾಕಿ ನೋಡಿ. ಸಾಧ್ಯವಾದರೆ ಸ್ನೇಹಿತರ ಪಿ.ಸಿ.ಗೂ ಕಾರ್ಡ್ ಹಾಕಿ ಪರೀಕ್ಷಿಸಿ.

ತಪ್ಪು ಕಂಡಾಗ ಮೊಬೈಲಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿ. ಬಯೋಸ್ ಪರದೆಯಲ್ಲಿ ತಾರೀಖು, ಸಮಯ ಇರುತ್ತದೆ, ಅದೂ ಚೌಕಟ್ಟಿನೊಳಗೆ ಬರಲಿ. ಯಾವಾಗಲೋ ಒಮ್ಮೆ ಕಾಣಿಸುವ ತೊಂದರೆಯಾದರೆ ಇದು ಇನ್ನೂ ಮುಖ್ಯ. ಸರ್ವಿಸ್ ಸೆಂಟರಿನವರು ಸ್ವಲ್ಪ ಹೊತ್ತು ಓಡಿಸಿ ‘ತೊಂದರೆ ಕಾಣಲಿಲ್ಲ’ ಅಂತ ಬರೆದು ಹಾಗೇ ವಾಪಸ್ ಕಳಿಸಬಹುದು. ಯಾವ ಗೇಮು, ಎಷ್ಟು ನಿಮಿಷಕ್ಕೆ, ಎಷ್ಟು ಡಿಗ್ರಿ ಬಿಸಿಗೆ ಬರುತ್ತದೆ ಅಂತ ನಾಲ್ಕು ಸಾಲು ಬರೆದು ಕಾರ್ಡಿನ ಜೊತೆ ಇಡಿ.

ಈಗ ಫೋಟೋ. ಹಗಲು ಬೆಳಕಲ್ಲಿ, ಫ್ಲಾಶ್ ಇಲ್ಲದೆ, ಕಡಿಮೆ ಅಂದರೂ ಹತ್ತು ಬೇಕು. ಸೀರಿಯಲ್ ಸ್ಟಿಕ್ಕರ್, ಮುಂದೆ, ಹಿಂದೆ, ನಾಲ್ಕು ಅಂಚು, ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಸಾಲು, ಪವರ್ ಸಾಕೆಟ್ಟಿನ ಒಳಭಾಗ, ಡಿಸ್‌ಪ್ಲೇ ಪೋರ್ಟುಗಳು, ಸ್ಕ್ರೂ ಮೇಲಿನ ಸೀಲ್. ಇದರಲ್ಲಿ ಒಂದು ಜಾಗವನ್ನು ಭೂತಗನ್ನಡಿ ಹಿಡಿದೇ ನೋಡಿ: ಕಾಂಟ್ಯಾಕ್ಟ್ ಸಾಲಿನ ತುದಿಯಲ್ಲಿ, ಸ್ಲಾಟಿನ ಲಾಕ್ ಕೂರುವ ಕೊಕ್ಕೆಯಂಥ ಭಾಗ. ಕಿಲೋ ದಾಟುವ ಕಾರ್ಡುಗಳು ಆಧಾರವಿಲ್ಲದೆ ಜೋತುಬಿದ್ದರೆ, ಅಥವಾ ಕಾರ್ಡ್ ಕೂರಿಸಿದಂತೆಯೇ ಕ್ಯಾಬಿನೆಟ್ಟನ್ನು ಕೊರಿಯರ್ ಮಾಡಿದರೆ, ಬೋರ್ಡ್ ಸೀಳುವುದು ಇಲ್ಲೇ. ಕೂದಲೆಳೆಯಷ್ಟು ಸೀಳು, ಮೇಲ್ನೋಟಕ್ಕೆ ಗೀರಿನ ಹಾಗೆ. ಅದು ಕಂಡರೆ ವಾರಂಟಿ ಸಿಗುವುದು ಕಷ್ಟ, ಚಿಪ್ ಮಟ್ಟದ ರಿಪೇರಿಯವರನ್ನು ಹುಡುಕುವುದು ಒಳ್ಳೆಯದು.

ನೀವು ಕರಾವಳಿಯವರಾದ್ದರಿಂದ ಇನ್ನೊಂದು ಮಾತು. ಉಪ್ಪುಗಾಳಿಗೆ ಬ್ರಾಕೆಟ್ಟು (ಪೋರ್ಟುಗಳಿರುವ ಲೋಹದ ಪಟ್ಟಿ), ಸ್ಕ್ರೂ, ಪೋರ್ಟಿನ ಅಂಚು ತುಕ್ಕು ಹಿಡಿಯುತ್ತವೆ, ತುಕ್ಕನ್ನೂ ‘ಡ್ಯಾಮೇಜ್’ ಪಟ್ಟಿಗೆ ಸೇರಿಸುವವರಿದ್ದಾರೆ. ಮರಳು ಕಾಗದದಲ್ಲಿ ಉಜ್ಜಲು ಹೋಗಬೇಡಿ, ಉಜ್ಜಿದ ಗುರುತು ತುಕ್ಕಿಗಿಂತ ಕೆಟ್ಟದಾಗಿ ಕಾಣುತ್ತದೆ. ಒಣ ಬ್ರಶ್ಶಿನಲ್ಲಿ ಧೂಳು ತೆಗೆದರೆ ಸಾಕು. ತುಕ್ಕು ಬರೀ ಬ್ರಾಕೆಟ್ಟಿನಲ್ಲಿದ್ದು ಬೋರ್ಡ್ ಶುಚಿಯಾಗಿದ್ದರೆ, ಅದು ಕಾಣುವ ಹಾಗೆ ಹತ್ತಿರದಿಂದ ಒಂದು ಫೋಟೋ ಇಟ್ಟುಕೊಳ್ಳಿ. ಹಲ್ಲಿ ಸತ್ತು ಶಾರ್ಟ್ ಆಗಿದ್ದರೆ ಮಾತ್ರ ಯಾವ ಫೋಟೋವೂ ಉಳಿಸುವುದಿಲ್ಲ.

ಸೀಲ್ ವಿಚಾರ: ‘ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದರೂ ವಾರಂಟಿ ಹೋಗಲ್ಲ’ ಅಂತ ಇಂಟರ್ನೆಟ್ಟಿನಲ್ಲಿ ಓದುವುದೆಲ್ಲ ಅಮೆರಿಕದ 1975ರ ವಾರಂಟಿ ಕಾನೂನಿನ ಮಾತು. ಅದು ಇಲ್ಲಿಗೆ ಅನ್ವಯಿಸುವುದಿಲ್ಲ. ವಾರಂಟಿ ಇರುವಷ್ಟು ದಿನ ಕಾರ್ಡ್ ಬಿಚ್ಚಿ ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ) ಬದಲಿಸುವ ಉಮೇದು ಬಂದರೆ ಮೊದಲು ಕಂಪನಿಗೆ ಇಮೇಲ್ ಹಾಕಿ ಒಪ್ಪಿಗೆ ತರಿಸಿಕೊಳ್ಳಿ. ಹಾಗೆಯೇ ಅಮೆರಿಕದಿಂದ ಅಣ್ಣನೋ ಭಾವನೋ ತಂದುಕೊಟ್ಟ ಕಾರ್ಡಿಗೆ ಇಲ್ಲಿ ಸರ್ವಿಸ್ ಸಿಗದಿರಬಹುದು, ಹಲವು ಕಂಪನಿಗಳ ವಾರಂಟಿ ಆಯಾ ದೇಶಕ್ಕೇ ಸೀಮಿತ.

ಕಂಪನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ದೂರು ನೋಂದಾಯಿಸಿ, ಟಿಕೆಟ್ ನಂಬರ್ ಬಂದ ಮೇಲೆಯೇ ಕಳಿಸಿ. ಕಾರ್ಡನ್ನು ಆಂಟಿಸ್ಟಾಟಿಕ್ (ಸ್ಥಿರ ವಿದ್ಯುತ್ತಿನಿಂದ ಕಾಪಾಡುವ) ಕವರಿನಲ್ಲಿ ಹಾಕಿ, ಮದರ್‌ಬೋರ್ಡ್ ಬಂದ ಕವರ್ ಇದ್ದರೆ ಅದೂ ಆದೀತು. ಅದರ ಮೇಲೆ ಬಬಲ್ ರ‍್ಯಾಪ್, ಆಮೇಲೆ ಗಟ್ಟಿ ರಟ್ಟಿನ ಡಬ್ಬ, ಆ ಡಬ್ಬ ಇನ್ನೊಂದು ದೊಡ್ಡ ಡಬ್ಬದೊಳಗೆ. ಎರಡರ ನಡುವೆ ಎಲ್ಲ ಕಡೆ 5 ಸೆಂ.ಮೀ. ಮೆತ್ತೆ ಬೇಕು. ಅಲುಗಾಡಿಸಿದರೆ ಒಳಗೆ ಸದ್ದು ಬರಬಾರದು. ಪ್ಯಾಕಿಂಗ್ ಪೂರ್ತಿ ವಿಡಿಯೋ ಮಾಡಿ, ಪಾರ್ಸೆಲ್ಲಿಗೆ ವಿಮೆ ಮಾಡಿಸಿ. ಕೇಬಲ್, ಸ್ಟ್ಯಾಂಡ್ ಕಳಿಸಬೇಡಿ, ಕಳೆದರೆ ಯಾರೂ ಹೊಣೆಯಲ್ಲ. ಪವರ್ ಸಾಕೆಟ್ ಕರಗಿದ್ದರೆ ಮಾತ್ರ ಕಾರ್ಡಿನ ಜೊತೆ ಬಂದ ಅಡಾಪ್ಟರನ್ನೂ ಕೇಳುತ್ತಾರೆ.

ನೀವೇ ಕೌಂಟರಿಗೆ ಹೋದರೆ ಜಾಬ್ ಶೀಟ್ (ಕಾರ್ಡ್ ತಗೊಂಡಾಗ ಅವರು ಬರೆಯುವ ದಾಖಲೆ) ಓದದೆ ಸಹಿ ಹಾಕಬೇಡಿ. ‘ಕಂಡಿಷನ್’ ಎಂಬ ಖಾನೆಯಲ್ಲಿ ಅವಸರಕ್ಕೆ ‘ಸ್ಕ್ರಾಚ್, ರಸ್ಟ್’ ಅಂತ ಗೀಚಿಬಿಡುತ್ತಾರೆ. ಇಲ್ಲದ್ದನ್ನು ಬರೆದಿದ್ದರೆ ಅಲ್ಲೇ ಹೊಡೆಸಿ, ಇರುವುದನ್ನು ಎಲ್ಲಿದೆ ಅಂತ ಬರೆಸಿ: ‘ಬ್ರಾಕೆಟ್ಟಿನಲ್ಲಿ ಮಾತ್ರ ತುಕ್ಕು’. ಕೊರಿಯರ್ ಆದರೆ ತಲುಪಿದ ದಿನವೇ ಜಾಬ್ ಶೀಟ್ ಇಮೇಲಿನಲ್ಲಿ ಕೇಳಿ, ನಿಮ್ಮ ಫೋಟೋಗಳನ್ನು ಅದೇ ಇಮೇಲಿಗೆ ಲಗತ್ತಿಸಿ. ಫೋನಿನಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ.

‘ಡ್ಯಾಮೇಜ್’ ಅಂತ ತಿರಸ್ಕರಿಸಿದರೆ ಎಲ್ಲಿದೆ ಅಂತ ಅವರ ಫೋಟೋ ಕೇಳಿ, ನಿಮ್ಮದರ ಪಕ್ಕ ಇಟ್ಟು ಉತ್ತರ ಕೊಡಿ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು. ಅದರಾಚೆ ಜಿಲ್ಲಾ ಗ್ರಾಹಕ ಆಯೋಗ: 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಓಡಬೇಕಿಲ್ಲ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ತಕರಾರು ಹುಟ್ಟಿ 2 ವರ್ಷದೊಳಗೆ ಹಾಕಬೇಕು. ಕಂಪನಿಯ ಜೊತೆ ಅಂಗಡಿಯವರನ್ನೂ ಪ್ರತಿವಾದಿ ಮಾಡಬಹುದು. ಇದನ್ನು ಅವರಿಗೆ ನಯವಾಗಿ ತಿಳಿಸಿದರೆ ‘ನೀವೇ ಕಳಿಸಿ’ ಅನ್ನುವ ಧಾಟಿ ಬದಲಾದರೂ ಆದೀತು.

ಬರುವುದು ಹೊಚ್ಚ ಹೊಸ ಕಾರ್ಡೇ ಆಗಿರಬೇಕಿಲ್ಲ, ಹೆಚ್ಚಾಗಿ ರಿಪೇರಿ ಮಾಡಿದ್ದು ಬರುತ್ತದೆ. ಅದೇ ಮಾಡೆಲ್ ಸಿಗದಿದ್ದರೆ ಬೇರೆ ಮಾಡೆಲ್ಲೋ, ಸವಕಳಿ ಕಳೆದ ಹಣವೋ ಕೊಡಲು ಬರಬಹುದು. ಆ ಹಣಕ್ಕೆ ಇವತ್ತು ಅಷ್ಟೇ ಶಕ್ತಿಯ ಕಾರ್ಡ್ ಬರುತ್ತದಾ ನೋಡಿ ಆಮೇಲೆ ಒಪ್ಪಿ. ಬಂದ ದಿನವೇ ಎಲ್ಲ ಪೋರ್ಟು ಪರೀಕ್ಷಿಸಿ, ಓಸಿಸಿಟಿ (OCCT) ಎಂಬ ಪರೀಕ್ಷಾ ತಂತ್ರಾಂಶದ ವೀಡಿಯೋ ಮೆಮೊರಿ ಟೆಸ್ಟ್ ಅರ್ಧ ಗಂಟೆ ಓಡಿಸಿ. ವಾರಂಟಿ ಸಾಮಾನ್ಯವಾಗಿ ಹಳೇ ಬಿಲ್ಲಿನ ತಾರೀಖಿನಿಂದಲೇ ಎಣಿಸುತ್ತಾರೆ. ಕಾರ್ಡೇ ಬೇರೆ ಬಂದಿದ್ದರೆ ಸೀರಿಯಲ್ ನಂಬರೂ ಬೇರೆ, ಬಿಲ್ಲಿನಲ್ಲಿರುವುದು ಹಳೆಯದು. ಎರಡನ್ನೂ ನಮೂದಿಸಿದ ಡೆಲಿವರಿ ಚಲನ್ ಕೇಳಿ ತಗೊಂಡು ಬಿಲ್ಲಿಗೆ ಪಿನ್ ಮಾಡಿಡಿ. ಇಲ್ಲದಿದ್ದರೆ ಉಳಿದ ಒಂದು ವರ್ಷದಲ್ಲಿ ಮತ್ತೆ ಕೆಟ್ಟಾಗ ‘ಈ ಬಿಲ್ ಈ ಕಾರ್ಡಿನದ್ದಲ್ಲ’ ಅಂದುಬಿಡುತ್ತಾರೆ.