ಕಾರಿನಲ್ಲಿ ಗುಡುಗುವ ಬೇಸ್, ಮೊಬೈಲ್‌ನಲ್ಲಿ ಮಾಯ

ಪ್ರಶ್ನೆ: ಮನೆಯಲ್ಲೇ ಹಾಡು ರೆಕಾರ್ಡ್ ಮಾಡುತ್ತೇನೆ. ರೂಮು 10 ಅಡಿ ಅಗಲ, 12 ಅಡಿ ಉದ್ದ. ನಾಲ್ಕು ತಂತಿಯ ಬೇಸ್ ಗಿಟಾರನ್ನು ನೇರವಾಗಿ ಆಡಿಯೋ ಇಂಟರ್‌ಫೇಸ್‌ಗೆ ಹಾಕಿ ನುಡಿಸುತ್ತೇನೆ. 5 ಇಂಚಿನ ಎರಡು ಮಾನಿಟರ್ ಸ್ಪೀಕರ್ ಇವೆ. ಕೂತು ಕೇಳಿದರೆ ಬೇಸ್ ಸಾಲದು ಅನಿಸುತ್ತದೆ, ಜಾಸ್ತಿ ಮಾಡುತ್ತೇನೆ. ಅದೇ ಹಾಡು ಕಾರಿನಲ್ಲಿ ಗುಡುಗುತ್ತದೆ. ಮೊಬೈಲ್‌ನಲ್ಲಂತೂ ಬೇಸ್ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಆಂಪ್ ಕೊಳ್ಳಬೇಕಾ, ಪ್ಲಗಿನ್ ಕೊಳ್ಳಬೇಕಾ? (ದಾವಣಗೆರೆಯ ಓದುಗರು)

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ರೂಮಿನ ಅಳತೆ ಬರೆದದ್ದು ತುಂಬಾ ಒಳ್ಳೆಯದಾಯಿತು. ಅರ್ಧ ಉತ್ತರ ಅದರಲ್ಲೇ ಇದೆ.

ಬೇಸ್‌ನ ದಪ್ಪ ತಂತಿ, ಅಂದರೆ ಇ ತಂತಿ, ಸೆಕೆಂಡಿಗೆ 41 ಸಲ, ಅಂದರೆ 41 ಹರ್ಟ್ಝ್‌ನಲ್ಲಿ, ಕಂಪಿಸುತ್ತದೆ. ಆ ಸ್ವರದ ಒಂದು ಅಲೆಯ ಉದ್ದ 8 ಮೀಟರ್‌ಗಿಂತ ಜಾಸ್ತಿ. ನಿಮ್ಮ ರೂಮಿನ ಉದ್ದ ನಾಲ್ಕು ಮೀಟರ್ ಕೂಡ ಇಲ್ಲ. ಇಂಥ ರೂಮಿನಲ್ಲಿ ಕೆಲವು ಸ್ವರಗಳು ಎದುರುಬದುರು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಗೋಡೆಯ ಹತ್ತಿರ ಅವು ಉಬ್ಬುತ್ತವೆ, ನಟ್ಟನಡುವೆ ಮಾಯವಾಗುತ್ತವೆ. 12 ಅಡಿ ಉದ್ದಕ್ಕೆ ಲೆಕ್ಕ ಹಾಕಿದರೆ ಹಾಗೆ ಸಿಕ್ಕಿಕೊಳ್ಳುವ ಮೊದಲ ಸ್ವರ ಸುಮಾರು 47 ಹರ್ಟ್ಝ್. ಇ ತಂತಿಯನ್ನು ಎರಡನೇ ಫ್ರೆಟ್‌ನಲ್ಲಿ (ಬೇಸ್‌ನ ಕತ್ತಿನ ಮೇಲಿನ ಅಡ್ಡಪಟ್ಟಿ) ಒತ್ತಿದರೆ ಬರುವ ಸ್ವರ ಹೆಚ್ಚುಕಡಿಮೆ ಅಲ್ಲೇ ಇದೆ. 10 ಅಡಿ ಅಗಲಕ್ಕೆ 56 ಹರ್ಟ್ಝ್. ನಿಮ್ಮ ಎ ತಂತಿಯನ್ನು ಒತ್ತದೆ ಹಾಗೇ ಮೀಟಿದರೆ 55!

ನೀವು ಕೂರುವುದು ರೂಮಿನ ನಡುವೆ ಇರಬೇಕು. ಅಲ್ಲಿ ಈ ಸ್ವರಗಳು ಕೇಳಿಸುವುದಿಲ್ಲ, ಅದಕ್ಕೇ ಬೇಸ್ ಏರಿಸುತ್ತೀರಿ. ಏರಿಸಿದ್ದು ಫೈಲಿನಲ್ಲಿ ಉಳಿದು ಕಾರಿನಲ್ಲಿ ಗುಡುಗಾಗುತ್ತದೆ. ಕುರ್ಚಿಯನ್ನು ಎದುರಿನ ಗೋಡೆಯಿಂದ ನಾಲ್ಕೂವರೆ ಅಡಿಗೆ ತಂದು ಕೇಳಿ ನೋಡಿ. ಅಗಲದಲ್ಲಿ ಮಾತ್ರ ಸ್ಪೀಕರ್‌ಗಳ ನಡುವೆಯೇ ಕೂರಬೇಕು, ಅಲ್ವಾ? ಆದ್ದರಿಂದ ಬೇಸ್ ಎಷ್ಟಿರಬೇಕು ಅನ್ನುವುದನ್ನು ಹೆಡ್‌ಫೋನ್‌ನಲ್ಲೂ ಒಮ್ಮೆ ಕೇಳದೆ ತೀರ್ಮಾನಿಸಬೇಡಿ. ಆಂಪ್ ಬೇಡ ಅಂದದ್ದಕ್ಕೂ ಇದೇ ಕಾರಣ. ಆಂಪ್ ಮುಂದೆ ಮೈಕ್ ಇಟ್ಟರೆ ಈ ರೂಮಿನ ತೊಂದರೆಯೂ ರೆಕಾರ್ಡ್ ಆಗುತ್ತದೆ. ಬೇಸ್‌ನಿಂದ ನೇರವಾಗಿ ಇಂಟರ್‌ಫೇಸ್‌ಗೆ ತೆಗೆದುಕೊಳ್ಳುವುದೇ ನಿಮಗೆ ಸರಿ. ಇಂಟರ್‌ಫೇಸ್‌ನಲ್ಲಿ ‘ಇನ್‌ಸ್ಟ್ರುಮೆಂಟ್’ ಅನ್ನುವ ಬಟನ್ ಒತ್ತಿರಬೇಕು, ಅಷ್ಟೇ. ಬ್ಯಾಟರಿ ಇಲ್ಲದ ಬೇಸ್ ಆಗಿದ್ದು ಅದನ್ನು ಒತ್ತದಿದ್ದರೆ ದನಿ ಮಂಕಾಗುತ್ತದೆ.

ಇನ್ನು ಟೋನ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಹಿಂದೊಮ್ಮೆ ಒಬ್ಬ ಹುಡುಗ ನನ್ನ ರೂಮಿಗೆ ಬೇಸ್ ನುಡಿಸಲು ಬಂದಿದ್ದ. ಒಳ್ಳೆ ಕೈ, ತಾಳ ಗಟ್ಟಿ. ಆದರೆ ದನಿ ಕಂಬಳಿ ಹೊದ್ದಂತೆ ಬರುತ್ತಿತ್ತು. ಅರ್ಧ ಗಂಟೆ ಈಕ್ಯು (ದನಿಯ ಕೆಳಗಿನ, ಮೇಲಿನ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ತಿರುಗಿಸಿದೆವು, ಸರಿಹೋಗಲಿಲ್ಲ. ಕೊನೆಗೆ ಅವನ ಬಲಗೈ ನೋಡಿದೆ. ಹೆಬ್ಬೆರಳನ್ನು ಫ್ರೆಟ್‌ಬೋರ್ಡಿನ ತುದಿಗೆ ಊರಿ ಅಲ್ಲೇ ಮೀಟುತ್ತಿದ್ದ. ‘ಹೆಬ್ಬೆರಳನ್ನು ಪಿಕಪ್ ಮೇಲೆ ಊರಿ ನೋಡಪ್ಪಾ’ ಅಂದೆ. ಪಿಕಪ್ ಅಂದರೆ ತಂತಿಗಳ ಕೆಳಗಿದ್ದು ಅವುಗಳ ಕಂಪನ ಹಿಡಿಯುವ ಭಾಗ. ಕೈ ನಾಲ್ಕು ಬೆರಳಷ್ಟು ಬ್ರಿಡ್ಜ್ ಕಡೆ, ಅಂದರೆ ತಂತಿಗಳು ಬೇಸ್‌ನ ಮೈಮೇಲೆ ಕೂರುವ ತುದಿಯ ಕಡೆ, ಸರಿಯಿತು. ಮೊದಲ ಸ್ವರಕ್ಕೇ ಇಬ್ಬರೂ ಮುಖ ನೋಡಿಕೊಂಡೆವು. ಪ್ರತಿ ಸ್ವರದ ತುದಿ ಕಾಣಿಸುತ್ತಿತ್ತು. ಆಮೇಲೆ ಈಕ್ಯು ಎಲ್ಲ ತೆಗೆದುಬಿಟ್ಟೆವು.

ಎಡಗೈಯನ್ನೂ ಗಮನಿಸಿ. ಬೆರಳು ಫ್ರೆಟ್‌ನ ಪಟ್ಟಿಗೆ ತಾಗಿದಂತೆ, ಅದರ ಸ್ವಲ್ಪ ಹಿಂದೆ ಬೀಳಬೇಕು. ದೂರ ಬಿದ್ದರೆ ಗಟ್ಟಿಯಾಗಿ ಒತ್ತಬೇಕಾಗುತ್ತದೆ, ತಂತಿ ಜಿರ್ ಅನ್ನುತ್ತದೆ. ಮೀಟದ ತಂತಿಗಳು ಸುಮ್ನೆ ಇರುವುದಿಲ್ಲ, ಪಕ್ಕದ ತಂತಿ ನುಡಿದಾಗ ತಾವೂ ಗುಂಯ್‌ಗುಡುತ್ತವೆ. ಅವನ್ನು ಬಲಗೈ ಹೆಬ್ಬೆರಳ ಬದಿಯಿಂದ ಮುಟ್ಟಿ ಹಿಡಿದಿರಬೇಕು. ಸ್ವರ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ನೀವೇ ಗಟ್ಟಿ ಮಾಡಿಕೊಳ್ಳಿ. ಸ್ವರ ಡ್ರಮ್ಮಿನ ಏಟಿಗೆ ಸರಿಯಾಗಿ ನಿಂತರೆ ಹಾಡು ತಾನಾಗೇ ಹಗುರವಾಗುತ್ತದೆ. ನಿಮ್ಮ ಹಾಡಿನಲ್ಲಿ ತಬಲಾ ಇದ್ದರೆ ಇದು ಇನ್ನೂ ಮುಖ್ಯ. ತಬಲಾ ಜೋಡಿಯ ದೊಡ್ಡದು, ಡಗ್ಗಾ, ಕೂಡ ಕೆಳಗಿನ ಸ್ವರಗಳ ಜಾಗದಲ್ಲೇ ಮಾತಾಡುತ್ತದೆ. ಅದರ ಗುಂಕಿಗೆ ಬಿಡುವು ಕೊಡಿ.

ಒಂದು ಸಣ್ಣ ಉಪಾಯ: ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಬೆರಳಗಲ ಕತ್ತರಿಸಿ ಬ್ರಿಡ್ಜ್ ಪಕ್ಕ ತಂತಿಗಳ ಕೆಳಗೆ ತುರುಕಿ. ತಂತಿಗೆ ಮೆಲ್ಲಗೆ ತಾಗಿದರೆ ಸಾಕು. ಸ್ವರ ದುಂಡಗೆ ಹುಟ್ಟಿ ಬೇಗ ಆರುತ್ತದೆ. ನಿಧಾನದ ಭಾವಗೀತೆಗೆ ನನಗೆ ಇದು ಬಹಳ ಇಷ್ಟ.

ರೆಕಾರ್ಡ್ ಮಾಡುವಾಗ 24 ಬಿಟ್ ಇಟ್ಟುಕೊಳ್ಳಿ. ಅತಿ ಜೋರಾಗಿ ಮೀಟಿದಾಗಲೂ ಮೀಟರ್ ಮೈನಸ್ 10 ಡೆಸಿಬಲ್ ಆಸುಪಾಸು ನಿಲ್ಲಲಿ. ಕೆಂಪು ಮುಟ್ಟುವ ಅಗತ್ಯವೇ ಇಲ್ಲ. ಆಮೇಲೆ ಜೋರು ಸ್ವರಗಳನ್ನು ತಗ್ಗಿಸಿ ಮಟ್ಟಸ ಮಾಡುವ ಕಂಪ್ರೆಸರ್: ರೇಶಿಯೋ (ಎಷ್ಟು ತಗ್ಗಿಸಬೇಕು) 4ಕ್ಕೆ 1, ಅಟ್ಯಾಕ್ (ಎಷ್ಟು ಬೇಗ ತಗ್ಗಿಸಬೇಕು) 25 ಮಿಲಿಸೆಕೆಂಡ್ ಸುತ್ತಮುತ್ತ, ಜೋರು ಸ್ವರಗಳಲ್ಲಿ ನಾಲ್ಕೈದು ಡೆಸಿಬಲ್ ಇಳಿದರೆ ಸಾಕು. ಅಟ್ಯಾಕ್ ತೀರಾ ಬೇಗ ಇಟ್ಟರೆ ಬೆರಳಿನ ಏಟೇ ಸತ್ತುಹೋಗುತ್ತದೆ. 30 ಹರ್ಟ್ಝ್ ಕೆಳಗಿನದನ್ನು ಫಿಲ್ಟರ್ ಹಾಕಿ ತೆಗೆಯಿರಿ. ನಾಲ್ಕು ತಂತಿಯ ಬೇಸ್‌ನಲ್ಲಿ ಅಲ್ಲಿ ಸ್ವರವೇ ಇಲ್ಲ.

ಮೊಬೈಲ್ ವಿಷಯ ಕೊನೆಗೆ ಇಟ್ಟುಕೊಂಡೆ. ಅದರ ಪುಟ್ಟ ಸ್ಪೀಕರ್‌ನಿಂದ 41 ಹರ್ಟ್ಝ್ ಹೊರಡುವುದೇ ಇಲ್ಲ. ಕೆಳಗಿನದನ್ನು ಎಷ್ಟೇ ಏರಿಸಿದರೂ ದಂಡ. ಆದರೆ ಇ ತಂತಿ ಬರೀ 41ರಲ್ಲಿ ನುಡಿಯುವುದಿಲ್ಲ. ಅದರ ದುಪ್ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು, ಹೀಗೆ ಮೇಲೆ ಮೇಲೆ ಸ್ವರಗಳಿವೆ. ಮೇಲಿನವು ಕೇಳಿಸಿದರೆ ಕೆಳಗಿನ ಮೂಲ ಸ್ವರವನ್ನು ನಮ್ಮ ಕಿವಿಯೇ ತುಂಬಿಕೊಳ್ಳುತ್ತದೆ. ನಿಮಗೆ ಬೇಕಾದದ್ದು ಆ ಮೇಲಿನ ಸ್ವರಗಳು. ಬೇಸ್ ಟ್ರ್ಯಾಕನ್ನು ಕಾಪಿ ಮಾಡಿ. ಕಾಪಿಯಲ್ಲಿ 250 ಹರ್ಟ್ಝ್ ಕೆಳಗಿನದನ್ನೆಲ್ಲ ಕತ್ತರಿಸಿ, ಉಳಿದದ್ದಕ್ಕೆ ನಿಮ್ಮ ಸಾಫ್ಟ್‌ವೇರ್ ಜೊತೆಗೇ ಬಂದಿರುವ ಡಿಸ್ಟಾರ್ಷನ್ (ದನಿಯನ್ನು ಒರಟು ಮಾಡುವ ಎಫೆಕ್ಟ್) ಹಾಕಿ. ಅದೊಂದನ್ನೇ ಕೇಳಿದರೆ ಜೇನುಹುಳ ಗುಂಯ್‌ಗುಟ್ಟಿದಂತೆ ಇರುತ್ತದೆ, ಗಾಬರಿ ಬೇಡ. ಅದರ ಫೇಡರನ್ನು (ಆ ಟ್ರ್ಯಾಕಿನ ವಾಲ್ಯೂಮ್) ಪೂರ್ತಿ ಇಳಿಸಿ, ಹಾಡು ಮೊಬೈಲ್‌ನಲ್ಲಿ ಕೇಳುತ್ತಾ ನಿಧಾನ ಏರಿಸಿ. ಬೇಸ್ ಏನು ನುಡಿಸುತ್ತಿದೆ ಅಂತ ಗೊತ್ತಾದ ಕೂಡಲೇ ನಿಲ್ಲಿಸಿ.

ಪ್ರಶ್ನೆ: ಬೇಸ್ ರೆಕಾರ್ಡ್ ಮಾಡುವಾಗ ಗುಂಯ್ ಅಂತ ಹಮ್ ಬರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ಜಾಸ್ತಿ. (ಶಿವಮೊಗ್ಗದ ಓದುಗರು)

ಉತ್ತರ: ನಮ್ಮ ಮನೆಯ ಕರೆಂಟ್ 50 ಹರ್ಟ್ಝ್. ಹಮ್ ಬರುವುದು 50 ಮತ್ತು 100ರಲ್ಲಿ. ಬೇಸ್‌ನ ಜಿ ತಂತಿ 98ರಲ್ಲಿದೆ. ಆದ್ದರಿಂದ ಹಮ್ ಅನ್ನು ಈಕ್ಯುನಿಂದ ಕತ್ತರಿಸಲು ಹೋದರೆ ಸ್ವರವೇ ತೆಳ್ಳಗಾಗುತ್ತದೆ. ಮೂಲದಲ್ಲೇ ತೆಗೆಯಬೇಕು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಫ್ಯಾನ್ ಆಫ್ ಮಾಡಿ, ರೆಗ್ಯುಲೇಟರ್ ಕೂಡ ಸದ್ದು ಸೇರಿಸುತ್ತದೆ. ಬೇಸ್ ಹಿಡಿದು ಕುರ್ಚಿಯಲ್ಲೇ ನಿಧಾನ ಸುತ್ತಿ, ಹಮ್ ಕಡಿಮೆಯಾಗುವ ದಿಕ್ಕು ಸಿಕ್ಕರೆ ಅಲ್ಲೇ ಕೂತು ನುಡಿಸಿ. ಎರಡು ಪಿಕಪ್‌ನ ಜಾಝ್ ಬೇಸ್ ಆಗಿದ್ದರೆ ಎರಡರ ವಾಲ್ಯೂಮನ್ನೂ ಪೂರ್ತಿ ಇಡಿ, ಒಂದರ ಹಮ್ಮನ್ನು ಇನ್ನೊಂದು ಅಳಿಸುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಹಮ್ ಹೋಗುತ್ತದೆ ಅಂತ ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಮುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಜೀವದ ಪ್ರಶ್ನೆ.

ಪ್ರಶ್ನೆ: ಪ್ರತಿ ರೆಕಾರ್ಡಿಂಗ್‌ಗೂ ಹೊಸ ತಂತಿ ಹಾಕಲೇಬೇಕಾ? (ಮೈಸೂರಿನ ಓದುಗರು)

ಉತ್ತರ: ಹಾಡು ನೋಡಿ ಹೇಳಬೇಕು. ಹೊಸ ರೌಂಡ್‌ವೂಂಡ್ (ದುಂಡು ಎಳೆ ಸುತ್ತಿದ) ತಂತಿಗೆ ಪಿಯಾನೋದಂಥ ಹೊಳಪಿರುತ್ತದೆ. ರಾಕ್ ಹಾಡಿಗೆ ಅದು ಬೇಕು. ಹಳೇ ತಂತಿಗೆ ಬೇರೆಯೇ ರುಚಿ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ 1960ರ ದಶಕದಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಫ್ಲಾಟ್‌ವೂಂಡ್ (ಚಪ್ಪಟೆ ಎಳೆ ಸುತ್ತಿದ) ತಂತಿ ಬಳಸುತ್ತಿದ್ದರು, ತುಂಡಾಗುವ ತನಕ ಬದಲಿಸುತ್ತಿರಲಿಲ್ಲ. ಮೀಟುತ್ತಿದ್ದದ್ದು ಬಲಗೈ ತೋರುಬೆರಳೊಂದರಲ್ಲೇ. ಹೊಸದು ಹಾಕುವುದಾದರೆ ಹಿಂದಿನ ದಿನವೇ ಹಾಕಿ, ಚೆನ್ನಾಗಿ ಎಳೆದು ಶ್ರುತಿ ಮಾಡಿಡಿ. ಹನ್ನೆರಡನೇ ಫ್ರೆಟ್ ಒತ್ತಿದಾಗ ಬರುವ ಸ್ವರ, ತೆರೆದ ತಂತಿಯ ಮೇಲಿನ ಷಡ್ಜಕ್ಕೆ ಸರಿಯಾಗಿ ಕೂಡುತ್ತದೋ ಇಲ್ಲವೋ ಟ್ಯೂನರ್‌ನಲ್ಲಿ ನೋಡಿ. ಕೂಡದಿದ್ದರೆ ಬ್ರಿಡ್ಜ್‌ನ ಸ್ಕ್ರೂ ತಿರುಗಿಸಿ ಸರಿಮಾಡಿಕೊಂಡು, ಆಮೇಲೆ ರೆಕಾರ್ಡಿಂಗ್‌ಗೆ ಕೂರಿ.