ಓದುಗರ ಪ್ರಶ್ನೆ: ಬಾಂಬು ಹಿಡಿದವನನ್ನು ನೋಡಿ ನಗಬಹುದೇ?

ನಮ್ಮದು ಹವ್ಯಾಸಿ ನಾಟಕ ತಂಡ. ಈ ರಾಜ್ಯೋತ್ಸವಕ್ಕೆ 20 ನಿಮಿಷದ ಪ್ರಹಸನ ಆಡಬೇಕೆಂದಿದ್ದೇವೆ. ಧರ್ಮ ಉಳಿಸುತ್ತೇವೆಂದು ಬಾಂಬಿಡಲು ಹೊರಟ ಮೂವರು ಪೆದ್ದರ ಕಥೆ. ತಂಡದಲ್ಲೇ ಅರ್ಧ ಜನ ‘ಇದು ನಗೆಯಾಡೋ ವಿಷಯ ಅಲ್ಲ’ ಅನ್ನುತ್ತಿದ್ದಾರೆ. ಆಡಬಹುದೇ? (ಹಾಸನ)

ಆಡಿ. ಆದರೆ ತಾಲೀಮಿಗೆ ಮುಂಚೆ ಸ್ಕ್ರಿಪ್ಟನ್ನು ಹರಡಿಕೊಂಡು ಕೂತು, ಜನ ನಗಲೆಂದು ಬರೆದ ಪ್ರತಿ ಸಾಲಿನ ಪಕ್ಕ ಒಂದೊಂದು ಪದ ಬರೆಯಿರಿ: ಕೆಲಸ, ವೇಷ, ನಂಬಿಕೆ, ಸತ್ತವರು. ನಗು ಯಾರ ತಲೆ ಮೇಲೆ ಬೀಳುತ್ತಿದೆ ಅನ್ನುವುದರ ಲೆಕ್ಕ ಇದು. ‘ಸತ್ತವರು’ ಎಂದು ಬರೆಸಿಕೊಂಡ ಸಾಲನ್ನು ಚರ್ಚೆಯಿಲ್ಲದೆ ಹೊಡೆದುಹಾಕಿ. ‘ಕೆಲಸ’ ಅಂದರೆ ಆ ಮೂವರು ಮಾಡುವ, ಮಾಡಲು ಹೋಗಿ ಕೆಡಿಸುವ ಕೆಲಸ. ಪ್ರಹಸನ ನಿಲ್ಲಬೇಕಾದದ್ದು ಅದರ ಮೇಲೆ.

ಹೆಚ್ಚು ಕೈಕೊಡುವುದು ‘ವೇಷ’. ಟೋಪಿ, ಸುರ್ಮಾ, ಕಾವಿ ಶಾಲು, ಉದ್ದನೆ ಗಡ್ಡ, ಉರ್ದು ಬೆರೆತ ಕನ್ನಡ ಕಂಡ ಕೂಡಲೇ ಸಭೆ ನಕ್ಕುಬಿಡುತ್ತದೆ. ನಟನಿಗೆ ತಾನು ಗೆದ್ದೆ ಅನ್ನಿಸುತ್ತದೆ. ಎರಡನೇ ತಾಲೀಮಿನಲ್ಲಿ ಎಲ್ಲವನ್ನೂ ಬಿಚ್ಚಿಸಿ. ಮೂವರೂ ಪ್ಯಾಂಟು ಶರಟಿನಲ್ಲಿ, ಹಾಸನದ ಸಾದಾ ಮಾತಿನಲ್ಲಿ ಅದೇ ಸಾಲುಗಳನ್ನು ಹೇಳಲಿ. ಆಗಲೂ ನಗು ಬಂದ ಸಾಲು ಉಳಿಯಲಿ. ಸತ್ತುಬಿದ್ದ ಸಾಲು ಉಗ್ರನ ಬಗ್ಗೆ ಇರಲಿಲ್ಲ, ಪಕ್ಕದ ಬೀದಿಯಲ್ಲಿ ಕೋಳಿ ಅಂಗಡಿಯನ್ನೋ ಹೂವಿನಂಗಡಿಯನ್ನೋ ಇಟ್ಟುಕೊಂಡಿರುವವರ ಬಗ್ಗೆ ಇತ್ತು. ಆಮೇಲೆ ‘ನಂಬಿಕೆ’ಯ ಪರೀಕ್ಷೆ: ಮೂವರ ಧರ್ಮವನ್ನು ಅದಲು ಬದಲು ಮಾಡಿ ಇನ್ನೊಮ್ಮೆ ಓದಿಸಿ. ಒಂದು ಕಡೆಗೆ ಮಾತ್ರ ನಗು ಬರುತ್ತಿದ್ದರೆ ಬರೆದವರು ಯಾವ ಕಡೆ ಕೂತಿದ್ದರು ಅನ್ನುವುದು ಗೊತ್ತಾಗುತ್ತದೆ.

ಹಾಗಾದರೆ ನಗಲು ಏನು ಉಳಿಯಿತು ಎಂದು ಕೇಳಬೇಡಿ, ಬೇಕಾದಷ್ಟಿದೆ. 2013ರಲ್ಲಿ ಮಾಲಿ ದೇಶದ ಟಿಂಬಕ್ಟುವಿನಿಂದ ಅಲ್ ಖೈದಾದವರು ಓಡಿಹೋದ ಮೇಲೆ ಪತ್ರಕರ್ತರ ಕೈಗೆ ಸಿಕ್ಕಿದ್ದು ರಸೀದಿಗಳ ರಾಶಿ: ಸೋಪು, ಅಂಟು, ಸಾಸಿವೆ ಸಾಸು. ಅಲ್ಲೇ ಸಿಕ್ಕ ಒಂದು ಪತ್ರದಲ್ಲಿ, ಫೋನ್ ಎತ್ತುವುದಿಲ್ಲ, ಖರ್ಚಿನ ಲೆಕ್ಕ ಕೊಡುವುದಿಲ್ಲ ಎಂದು ಮೇಲಿನವರು ತಮ್ಮದೇ ಒಬ್ಬ ದೊಡ್ಡ ಕಮಾಂಡರನನ್ನು ಗದರಿಸಿದ್ದರು. ಇದನ್ನು ನಮ್ಮ ಊರಿಗೆ ತರಲು ಎಷ್ಟು ಹೊತ್ತು? ಸ್ವರ್ಗಕ್ಕೆ ಹೊರಟು ನಿಂತವನ ಚೀಲ ಹಿಡಿದೆಳೆದು ನಾಯಕ ಕೇಳುತ್ತಾನೆ: ‘ಐದು ಸಾವಿರ ಮೀರಿದೆ ಕಣೋ, ವೋಚರಿಗೆ ರೆವಿನ್ಯೂ ಸ್ಟಾಂಪ್ ಎಲ್ಲಿ?’ ದೊಡ್ಡ ಬಡಾಯಿ, ಸಣ್ಣ ತಾಪತ್ರಯ. ಬಣ್ಣದ ವೇಷದ ರಕ್ಕಸ ತೆರೆಯ ಹಿಂದಿನಿಂದಲೇ ಅಬ್ಬರಿಸಿ ಬಂದು ಕೂತಾಗ ಯಕ್ಷಗಾನದ ಹಾಸ್ಯಗಾರ ‘ಒಡೆಯಾ, ಊಟ ಆಯ್ತಾ?’ ಅನ್ನುವುದೂ ಇದೇ ವರಸೆ.

ಇನ್ನೊಂದು ಅಪಾಯ ನಟನೆಯಲ್ಲಿದೆ. ಪೆದ್ದನ ಪಾತ್ರ ಸಿಕ್ಕಿದ ಕೂಡಲೇ ನಟ ಮುದ್ದುಮುದ್ದಾಗಿ ಆಡತೊಡಗುತ್ತಾನೆ, ಹತ್ತನೇ ನಿಮಿಷಕ್ಕೆ ಸಭೆಗೆ ಆ ಕೊಲೆಗಡುಕನ ಮೇಲೆ ಅಕ್ಕರೆ ಬಂದುಬಿಡುತ್ತದೆ. ಅದಕ್ಕೇ 13-14ನೇ ನಿಮಿಷದ ಆಸುಪಾಸಿನಲ್ಲಿ ಚೀಲದೊಳಗೆ ಇರುವುದು ನಿಜವಾದದ್ದು ಎಂದು ತೋರಿಸುವ ಒಂದು ಗಳಿಗೆ ಬೇಕು. ಹಾರ್ಮೋನಿಯಂ ನಿಲ್ಲಲಿ, ಐದು ಸೆಕೆಂಡು ಯಾರೂ ಅಲುಗಾಡದಿರಲಿ. ಐದು ಸಾಕು, ಹತ್ತಾದರೆ ಸಭೆ ಪ್ರಹಸನಕ್ಕೆ ವಾಪಸ್ ಬರುವುದಿಲ್ಲ. ನಟರು ಪೆದ್ದುತನವನ್ನು ಗಂಭೀರವಾಗಿಯೇ ಆಡಲಿ, ಸಭೆಯತ್ತ ಕಣ್ಣು ಹೊಡೆಯಬಾರದು. ನಗು ಏರಿ ಅರ್ಧಕ್ಕೆ ಇಳಿಯುವ ತನಕ ಮುಂದಿನ ಮಾತು ಎತ್ತಬಾರದು.

ಕೊನೆಯ ತಾಲೀಮಿಗೆ ನೀವು ತೋರಿಸುತ್ತಿರುವ ಸಮುದಾಯಗಳ ಐದಾರು ಜನರನ್ನು ಕರೆದು ಕೂರಿಸಿ. ಒಪ್ಪಿಗೆ ಕೇಳಲು ಅಲ್ಲ. ಎಲ್ಲಿ ಅವರು ನಕ್ಕರು, ಎಲ್ಲಿ ಕುರ್ಚಿಯಲ್ಲಿ ಮಿಸುಕಾಡಿದರು ಅನ್ನುವುದನ್ನು ಒಬ್ಬರು ಬರೆದುಕೊಂಡರೆ ಸಾಕು.

2022ರಲ್ಲಿ ಮಂಗಳೂರಿನ ಆಟೋದಲ್ಲಿ ಕುಕ್ಕರ್ ಬಾಂಬ್ ಸಿಡಿದ ಮೇಲೆ ‘ಎಷ್ಟು ಸೀಟಿ ಆಯ್ತು’ ಎಂಬ ಜೋಕು ವಾಟ್ಸಾಪ್ ತುಂಬ ಓಡಾಡಿತು. ನಾನೂ ನಕ್ಕೆ. ತಪ್ಪಾ? (ಮೂಡಿಗೆರೆ)

ಕೆಲಸ ಕೆಡಿಸಿಕೊಂಡು ತಾನೇ ಸುಟ್ಟುಕೊಂಡವನನ್ನು ನೋಡಿ ನಕ್ಕಿದ್ದರೆ ತಪ್ಪೇನಿಲ್ಲ. ಆದರೆ ಆ ಆಟೋದಲ್ಲಿ ಇನ್ನೊಬ್ಬರಿದ್ದರು. ಬಾಡಿಗೆಗೆ ಹತ್ತಿಸಿಕೊಂಡ ಚಾಲಕರಿಗೂ ಸುಟ್ಟ ಗಾಯಗಳಾದವು. ಸೀಟಿ ಜೋಕಿನಲ್ಲಿ ಅವರಿಗೆ ಜಾಗವೇ ಇಲ್ಲ, ಅದೇ ಅದರ ಊನ.

ಎಷ್ಟು ದಿನ ಬಿಟ್ಟು ನಗಬಹುದು ಎಂಬ ಪ್ರಶ್ನೆಗೆ ದಿನದ ಲೆಕ್ಕದಲ್ಲಿ ಉತ್ತರವಿಲ್ಲ. ಚಾಪ್ಲಿನ್ 1940ರಲ್ಲಿ ಹಿಟ್ಲರನನ್ನು ಲೇವಡಿ ಮಾಡಿ ಸಿನಿಮಾ ಮಾಡಿದ. ಯಾತನಾ ಶಿಬಿರಗಳ ಭೀಕರತೆ ಆಗಲೇ ಗೊತ್ತಿದ್ದರೆ ಆ ಸಿನಿಮಾ ತೆಗೆಯಲು ಆಗುತ್ತಿರಲಿಲ್ಲ ಎಂದು 1964ರ ಆತ್ಮಕಥೆಯಲ್ಲಿ ಬರೆದುಕೊಂಡ. ಸಿನಿಮಾ ಮಾತ್ರ ಇಂದಿಗೂ ನಿಂತಿದೆ, ಯಾಕೆಂದರೆ ಅದರಲ್ಲಿ ನಗೆಪಾಟಲಾಗುವುದು ಸರ್ವಾಧಿಕಾರಿಯ ಒಣಜಂಭ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಸತ್ತ 26 ಜನರಲ್ಲಿ ಪಕ್ಕದ ಶಿವಮೊಗ್ಗದವರೂ ಇದ್ದರು. ಅಂಥ ಘಟನೆಯ ವಿವರಗಳನ್ನು ಹೋಲುವ ದೃಶ್ಯವನ್ನು ನಮ್ಮ ಸೀಮೆಯ ರಂಗದ ಮೇಲೆ ತರಬೇಡಿ. ಸಭೆಯಲ್ಲಿ ಅವರ ನೆಂಟರೇ ಕೂತಿರಬಹುದು.

ಗೇಲಿ ಮಾಡಿದರೆ ಉಗ್ರರು ಸುಧಾರಿಸುತ್ತಾರೆಯೇ? (ಕೊಪ್ಪ)

ಇಲ್ಲ. ಆದರೆ ಅವರ ಮೆರವಣಿಗೆಯ ಠೀವಿ ಇಳಿಸಬಹುದು. ಜರ್ಮನಿಯ ವುನ್‌ಸೀಡೆಲ್ ಎಂಬ ಸಣ್ಣ ಊರಿಗೆ ನವನಾಜಿಗಳು ವರ್ಷವರ್ಷ ಮೆರವಣಿಗೆ ಬರುತ್ತಿದ್ದರು. ಅವರದು ಧರ್ಮದ ಹುಚ್ಚಲ್ಲ, ಜನಾಂಗದ್ದು, ಪಾಠ ಒಂದೇ. 2014ರಲ್ಲಿ ಊರಿನವರು ತಡೆಯಲು ಹೋಗಲಿಲ್ಲ. ನವನಾಜಿಗಳು ನಡೆದ ಪ್ರತಿ ಮೀಟರಿಗೆ 10 ಯೂರೋ ದೇಣಿಗೆ ಘೋಷಿಸಿ, ದಾರಿಯಲ್ಲಿ ಬಾಳೆಹಣ್ಣು ಇಟ್ಟು, ಕೊನೆಯಲ್ಲಿ ಓಟದ ಸ್ಪರ್ಧೆಯ ಹಾಗೆ ಗುರಿಗೆರೆ ಎಳೆದರು. ಕೂಡಿದ 10,000 ಯೂರೋ ಹೋದದ್ದು ನಾಜಿ ಗುಂಪು ಬಿಟ್ಟು ಹೊರಬರುವವರಿಗೆ ನೆರವಾಗುವ ಸಂಸ್ಥೆಗೆ!

ಚಿಕ್ಕಮಗಳೂರಿನಲ್ಲಿ ಇಂಥ ಪ್ರಹಸನ ಆಡಿದರೆ ಕೇಸು ಬೀಳುವುದಿಲ್ಲವೇ? (ಚಿಕ್ಕಮಗಳೂರು)

ಬೀಳಬಹುದು. ಹಳೆಯ ಐಪಿಸಿ 295ಎ ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ, ಗುಂಪುಗಳ ನಡುವೆ ದ್ವೇಷ ಹಬ್ಬಿಸುವುದರ ವಿರುದ್ಧದ 153ಎ ಈಗ 196. ಸಾಮಾನ್ಯವಾಗಿ ಎರಡಕ್ಕೂ ಮೂರು ವರ್ಷದವರೆಗೆ ಶಿಕ್ಷೆ. 299ಕ್ಕೆ ಧಾರ್ಮಿಕ ಭಾವನೆ ಕೆರಳಿಸಬೇಕೆಂಬ ಉದ್ದೇಶಪೂರ್ವಕ ದುರುದ್ದೇಶ ಬೇಕು. ಅಜಾಗರೂಕತೆಯಿಂದ ಬಾಯಿ ಜಾರಿದ್ದು ಸಾಲದು ಎಂದು 1957ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು. ಎಡವಟ್ಟಾಗುವುದು ಇಲ್ಲೇ: ಎಫ್‌ಐಆರ್‌ಗಾಗಲಿ ಬಂಧನಕ್ಕಾಗಲಿ ಆ ಅನುಮತಿ ಬೇಕಿಲ್ಲ. ಹಾಸ್ಯಗಾರ ಮುನಾವರ್ ಫಾರೂಕಿ 2021ರ ಜನವರಿ 1ರಂದು ಇಂದೋರಿನಲ್ಲಿ ಬಂಧನವಾದರು, ಸುಪ್ರೀಂ ಕೋರ್ಟಿನಿಂದ ಜಾಮೀನು ಸಿಕ್ಕಿದ್ದು ಫೆಬ್ರವರಿ 5ಕ್ಕೆ. ಅದೇ ಕೋರ್ಟಿನ 2025ರ ಮಾರ್ಚ್ 28ರ ತೀರ್ಪು ಸ್ವಲ್ಪ ಆಸರೆ ಕೊಡುತ್ತದೆ. ಮಾತನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನ ವಿವೇಕಿಯ ಅಳತೆಯಲ್ಲಿ, ಎಲ್ಲದಕ್ಕೂ ಅಭದ್ರರಾಗುವವರ ಅಳತೆಯಲ್ಲಿ ಅಲ್ಲ ಎಂದಿದೆ. ಇಂಥ ದೂರುಗಳಲ್ಲಿ ಎಫ್‌ಐಆರ್‌ಗೆ ಮುಂಚೆ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತ ಎಂದೂ ಹೇಳಿದೆ.

ನಿಮ್ಮ ಊರಿನದೇ ಒಂದು ಮಾತು. ಡಿಸೆಂಬರಿನಲ್ಲಿ ದತ್ತ ಜಯಂತಿಗೆ ಬಾಬಾಬುಡನ್‌ಗಿರಿಯ ದಾರಿ ತುಂಬ ಪೊಲೀಸ್ ಬಂದೋಬಸ್ತ್ ಇರುತ್ತದೆ. ಆ ವಾರ ಕಲಾಮಂದಿರ ಬುಕ್ ಮಾಡಬೇಡಿ. ಇದನ್ನು ಅಂಜಿಕೆ ಅಂದುಕೊಳ್ಳಬೇಡಿ, ಆ ವಾರ ಏನು ಆಡಿದರೂ ಜನ ಅದರಲ್ಲಿ ಬೆಟ್ಟವನ್ನೇ ಹುಡುಕುತ್ತಾರೆ.

ದೂರು ಹುಟ್ಟುವುದು ಸಭಾಂಗಣದಲ್ಲಿ ಕಮ್ಮಿ, 20 ಸೆಕೆಂಡಿನ ಕ್ಲಿಪ್ಪಿನಲ್ಲಿ ಜಾಸ್ತಿ. ಪೀಠಿಕೆ ಉದುರಿ ಕೊನೆಯ ಮಾತಷ್ಟೇ ಊರು ಸುತ್ತುತ್ತದೆ. ಆದ್ದರಿಂದ ಯಾರ ಮೇಲೆ ಗೇಲಿ ಅನ್ನುವುದು ಆ ಕೊನೆಯ ಮಾತಿನಲ್ಲೇ ಇರುವಂತೆ ಬರೆಯಿರಿ. ‘ಅವರೆಲ್ಲ ಹಿಂಗೇ’ ಎಂದು ಮುಗಿಯುವ ಸಾಲನ್ನು ‘ನಮ್ಮ ಬಾಸ್ ಹಿಂಗೇ’ ಎಂದು ಮುಗಿಸಿ. ನಿಮ್ಮದೇ ಒಂದು ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಹಿಂದಿನ ಸಾಲಿನಲ್ಲಿಟ್ಟು, ಸಭೆಯ ತಲೆಗಳೂ ಕಾಣುವಂತೆ, ಮೊದಲಿಂದ ಕೊನೆತನಕ ಎಲ್ಲೂ ನಿಲ್ಲಿಸದೆ ರೆಕಾರ್ಡ್ ಮಾಡಿ. ಎಡಿಟ್ ಮಾಡದ ಮೂಲ ಫೈಲನ್ನು ಅಂದು ರಾತ್ರಿಯೇ ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ತಂಡದ ಹೊರಗಿನವರ ಹತ್ತಿರ ಇಡಿ.